ಬಾಗಿಲಿಲ್ಲದ ಕೋಣೆಯ ಸನ್ನಿಧಾನಕ್ಕೆ

ನಮ್ಮ ಕಚೇರಿಯ ಕಂಪ್ಯೂಟರಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿರುವ, ನಾಲ್ಕು ಗೋಡೆ ಮತ್ತು ಒಂದು ನೆಲವುಳ್ಳ, ಧೂಳು, ಸೆಕೆ, ಸೊಳ್ಳೆಗಳ ಬಾಧೆಯನ್ನೇ ಅರಿಯದ ಶ್ರೀ ಅಣಕು ಕೋಣೆಯವರಿಗೆ,

ಮಾನ್ಯರೇ,

ತಾವು ಸುಕ್ಷೇಮವಾಗಿದ್ದೀರಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಪತ್ರದ ಮೊದಲ ಸಾಲಿಗೆ ಏನಾದರೂ ಬೇಕಲ್ಲ ಎಂದು ಬರೆದ ಮಾತಲ್ಲ ಇದು. ಇವತ್ತು ಬೆಳಿಗ್ಗೆ ಕೂಡ ತಮ್ಮನ್ನು ತೆರೆದು, ನಾಲ್ಕೂ ಮೂಲೆ ನೋಡಿ, ಎಲ್ಲವೂ ನಿನ್ನೆ ಇದ್ದಂತೆಯೇ ಇದೆಯೆಂದು ಖಾತ್ರಿ ಮಾಡಿಕೊಂಡೇ ಬರೆಯಲು ಕುಳಿತಿದ್ದೇನೆ. ತಮ್ಮ ಗೋಡೆಯಲ್ಲಿ ಬಿರುಕಿಲ್ಲ, ನೆಲದಲ್ಲಿ ಕಲೆಯಿಲ್ಲ, ಮೂಲೆಯಲ್ಲಿ ಜೇಡರ ಬಲೆಯಿಲ್ಲ. ನಾವೆಲ್ಲ ಇಲ್ಲಿ ಒಂದಲ್ಲ ಒಂದು ಕಡೆ ಸವೆಯುತ್ತಿರುವಾಗ ತಾವು ಮಾತ್ರ ಕಟ್ಟಿದ ದಿನದ ಹಾಗೆಯೇ ಇರುವುದನ್ನು ಕಂಡು ಸಂತೋಷಪಡಬೇಕೋ ಹೊಟ್ಟೆಕಿಚ್ಚುಪಡಬೇಕೋ ತಿಳಿಯದೆ, ಎರಡನ್ನೂ ಸ್ವಲ್ಪ ಸ್ವಲ್ಪ ಪಟ್ಟು, ಈ ದೂರನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ತಮಗೆ ನನ್ನ ಮುಖಪರಿಚಯ ಇರಲಾರದು. ಇಷ್ಟು ತಿಂಗಳು ತಮ್ಮೊಳಗೆ ಓಡಾಡಿದ ಆ ನೀಲಿ ಗೋಲಿ ನಾನೇ. ನಾನು ಪ್ರೋಗ್ರಾಂ ಬರೆಯುವವಳು. ನಮ್ಮ ಚಿಕ್ಕ ಕಂಪನಿಗೆ ಒಂದು ಆಸ್ಪತ್ರೆಯ ಕೆಲಸ ಸಿಕ್ಕಿತ್ತು: ಅಪಘಾತದಲ್ಲಿ ಪೆಟ್ಟು ತಿಂದು, ಮೂಳೆ ಕೂಡಿಕೊಂಡರೂ ಧೈರ್ಯ ಕೂಡಿಕೊಳ್ಳದೆ, ರಸ್ತೆ ದಾಟಲು ಹೆದರುವವರಿಗಾಗಿ ಒಂದು ಕೋಣೆ. ಅದರ ನಾಲ್ಕೂ ಗೋಡೆಗಳ ಮೇಲೆ, ನೆಲದ ಮೇಲೆ, ಪ್ರೊಜೆಕ್ಟರುಗಳಿಂದ ಓಡಾಡುವ ಬೀದಿಯನ್ನೇ ಬೀಳಿಸಬೇಕು; ರೋಗಿ ಆ ಬೀದಿಯ ನಡುವೆ ನಿಂತು, ಪೆಟ್ಟು ಬೀಳುವ ಭಯವಿಲ್ಲದೆ, ಮತ್ತೆ ದಾಟಲು ಕಲಿಯಬೇಕು. ಕೋಣೆಯನ್ನು ಆಸ್ಪತ್ರೆಯವರು ಅಲ್ಲಿ ಕಟ್ಟಿಸುತ್ತಿದ್ದರು, ಬೀದಿಯನ್ನು ನಾವು ಇಲ್ಲಿ ಕುಳಿತು ಮಾಡುತ್ತಿದ್ದೆವು. ಅಲ್ಲಿಯ ಗೋಡೆಗೆ ಸುಣ್ಣ ಒಣಗುವವರೆಗೆ ನಮ್ಮ ಕೆಲಸ ನಿಲ್ಲಬಾರದೆಂದು, ಆ ಕೋಣೆಯ ಬದಲಿಗೆ ಕಂಪ್ಯೂಟರಿನಲ್ಲಿ ತಮ್ಮನ್ನು ಪ್ರತಿಷ್ಠಾಪಿಸಲಾಯಿತು. ಕೋಣೆಯೊಳಗೆ ಮನುಷ್ಯ ನಿಂತಿದ್ದಾನೆ ಎನ್ನುವುದಕ್ಕೆ ತಲೆಯ ಎತ್ತರದಲ್ಲಿ ಒಂದು ನೀಲಿ ಗೋಲಿ. ಬಾಣದ ಗುರುತಿನ ಗುಂಡಿ ಒತ್ತಿದರೆ ಗೋಲಿ ನಡೆಯುತ್ತದೆ, ಗೋಡೆ ಅಡ್ಡ ಬಂದರೆ ಗೋಡೆಯೊಳಗಿಂದಲೇ ಹಾದುಹೋಗುತ್ತದೆ, ಕೆಲಸ ಮುಗಿದ ಮೇಲೆ ಎಡಗೈ ಮೂಲೆಯ ಎಸ್ಕೇಪ್ ಗುಂಡಿ ಒತ್ತಿದರೆ ನಾವು ಹೊರಗೆ. ಈ ಕೊನೆಯ ಸೌಕರ್ಯವನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನ ದೂರೆಲ್ಲ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಈ ಕೆಲಸಕ್ಕೆ ನಾನು ತುಸು ಹೆಚ್ಚೇ ಮನಸ್ಸು ಕೊಟ್ಟಿದ್ದಕ್ಕೆ ಕಾರಣ ನನ್ನ ಅಕ್ಕ. ಅವಳು ಬಟ್ಟೆ ಹೊಲಿಯುವವಳು. ಅವಳ ಮನೆ ರಸ್ತೆಯ ಈ ಕಡೆ, ಅಂಗಡಿ ಆ ಕಡೆ, ಎದುರುಬದುರು. ಮನೆಯ ಕಿಟಕಿಯಿಂದ ಅಂಗಡಿಯ ಶಟರಿನ ಬೀಗ ಕಾಣುತ್ತದೆ. ಹೋದ ವರ್ಷ ಆ ರಸ್ತೆಯ ನಟ್ಟನಡುವೆ ಒಂದು ಸ್ಕೂಟರು ಅವಳನ್ನು ಕೆಡವಿತು. ಎಡ ಮಂಡಿ ವಾಸಿಯಾಯಿತು, ನಡಿಗೆ ಮೊದಲಿನಂತಾಯಿತು, ಮಾತಂತೂ ಮೊದಲಿಗಿಂತ ಜೋರಾಯಿತು. ಆದರೆ ಫುಟ್‌ಪಾತಿನ ಅಂಚಿಗೆ ಬಂದು ನಿಂತಳೆಂದರೆ ಆ ಮಂಡಿ ಬೇರೆ ಯಾರದೋ ಆಗಿಬಿಡುತ್ತಿತ್ತು. ಕಡೆಗೆ ನಮ್ಮ ಭಾವ ಒಂದು ಉಪಾಯ ಕಂಡುಹಿಡಿದರು. ಎದುರಿಗೆ ಕಾಣುವ ಅಂಗಡಿಗೆ ಹೋಗಲು ಬಾಡಿಗೆ ಕಾರು ಕರೆಸುವುದು. ಕಾರು ರಸ್ತೆಯ ತುದಿಯವರೆಗೆ ಹೋಗಿ, ವೃತ್ತ ಸುತ್ತಿ, ಮತ್ತೆ ಇದೇ ರಸ್ತೆಗೆ ಬಂದು, ಆ ಕಡೆ ಇಳಿಸುವುದು. ಚಾಲಕರು ಹತ್ತಿಸಿಕೊಳ್ಳುವ ಮುಂಚೆ ಒಮ್ಮೆ ವಿಳಾಸವನ್ನೂ ಒಮ್ಮೆ ಎದುರಿನ ಅಂಗಡಿಯನ್ನೂ ಒಮ್ಮೆ ಭಾವನ ಮುಖವನ್ನೂ ನೋಡುತ್ತಿದ್ದರಂತೆ. ಒಬ್ಬರು ಮಾತ್ರ ತಡೆಯಲಾರದೆ, ಅಣ್ಣಾ, ಮನೆಯಲ್ಲಿ ಎಲ್ಲ ಸರಿಯಾಗಿದ್ದೀರಲ್ಲ ಎಂದು ವಿಚಾರಿಸಿದರಂತೆ. ಅಕ್ಕ ನಗುತ್ತಿದ್ದಳು. ಆದರೆ ಅಂಗಡಿ ವಾರದಲ್ಲಿ ಒಂದೆರಡು ದಿನ ತೆರೆದರೆ ಹೆಚ್ಚು ಎನ್ನುವಂತಾಗಿ, ಅಳತೆ ಕೊಟ್ಟವರು ಅರ್ಧ ಹೊಲಿದ ಬಟ್ಟೆ ವಾಪಸು ಕೇಳತೊಡಗಿದಾಗ ಆ ನಗು ಕಡಿಮೆಯಾಯಿತು. ಅಂಗಡಿಯನ್ನು ಬಿಟ್ಟುಬಿಡುವ ಮಾತನ್ನು ಅವಳು ಒಮ್ಮೆ ಪಾತ್ರೆ ತೊಳೆಯುತ್ತಾ, ಬೇರೆ ಯಾರದೋ ಅಂಗಡಿಯ ಸುದ್ದಿಯೆಂಬಂತೆ ಹೇಳಿದಳು. ಹಾಗಾಗಿ ನಮ್ಮ ಬೀದಿ ಕೋಣೆಗೆ ಮೊದಲ ರೋಗಿ ಯಾರೆಂದು ಆಸ್ಪತ್ರೆಯವರು ಕೇಳಿದಾಗ ನಾನು ಅಕ್ಕನ ಹೆಸರು ಕೊಟ್ಟೆ.

ಅದಕ್ಕೂ ಮೊದಲು ಅವಳನ್ನು ತಮ್ಮ ದರ್ಶನಕ್ಕೆಂದು ಕಚೇರಿಗೆ ಕರೆತಂದದ್ದು ತಮಗೆ ನೆನಪಿರಬಹುದು. ಕುರ್ಚಿಯಲ್ಲಿ ಕುಳಿತು, ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು, ಇನ್ನೊಂದು ಕೈಯ ಬೆರಳಿನಲ್ಲಿ ಗುಂಡಿ ಒತ್ತುತ್ತಾ ಅಕ್ಕ ತಮ್ಮೊಳಗಿನ ರಸ್ತೆಯನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಬಿಸ್ಕತ್ತು ಮುಗಿಯುವವರೆಗೂ ದಾಟಿದಳು. ಒಂದು ಸಲ ಬಸ್ಸಿನೊಳಗಿಂದಲೇ ದಾಟಿದಳು. ನಮ್ಮ ಮ್ಯಾನೇಜರು ಹಿಂದೆ ನಿಂತು ನೋಡಿ ಪರಮಾನಂದಪಟ್ಟರು. ಅವರನ್ನು ನಾವು ನಮ್ಮನಮ್ಮಲ್ಲಿ ‘ಆಯ್ತು ಸಾಹೇಬರು’ ಎನ್ನುತ್ತೇವೆ. ಯಾರು ಏನು ಕೇಳಿದರೂ ತಲೆಯನ್ನು ಮೇಲೆ ಕೆಳಗೆ ಆಡಿಸಿ ಆಯ್ತು ಎನ್ನುವುದು ಅವರ ಸ್ವಭಾವ, ಆಮೇಲೆ ಅದು ಆಗುವಂತೆ ಮಾಡುವುದು ನಮ್ಮ ಹಣೆಬರಹ. ರೋಗಿಗೆ ಭಯ ಹೋಗಿದೆ ಎಂದು ಅವರು ಅಲ್ಲೇ ಘೋಷಿಸಿದರು. ಅಕ್ಕ ಕೈ ಒರೆಸಿಕೊಳ್ಳುತ್ತಾ, “ಗೋಲಿಗೆ ಏನು ಭಯ? ಅದಕ್ಕೆ ಮಂಡಿಯೇ ಇಲ್ವಲ್ಲ” ಎಂದಳು. ಸಾಹೇಬರು ಅದಕ್ಕೂ ತಲೆಯಾಡಿಸಿ ಆಯ್ತು ಎಂದರು.

ಇನ್ನು ಉದ್ಘಾಟನೆಯ ದಿನಕ್ಕೆ ಬರುತ್ತೇನೆ. ಆಸ್ಪತ್ರೆಯ ಕೋಣೆಗೆ ನಾವು ಐವರು ಹೊಕ್ಕೆವು: ವಿಭಾಗದ ಹಿರಿಯ ಡಾಕ್ಟರು, ಆಯ್ತು ಸಾಹೇಬರು, ಅಕ್ಕ, ಅವಳ ಚೀಲ ಹಿಡಿದ ಭಾವ, ನಾನು. ಮೊಬೈಲುಗಳ ಬೆಳಕು ಬೀದಿಯನ್ನು ಕೆಡಿಸುತ್ತದೆಂದು ಅವನ್ನೆಲ್ಲ ಹೊರಗೆ ಒಂದು ತಟ್ಟೆಯಲ್ಲಿ ಇಡಿಸಿದ್ದೆವು. ಯಂತ್ರ ನಡೆಸುವ ನಮ್ಮ ಸಹೋದ್ಯೋಗಿ ಪಕ್ಕದ ಚಿಕ್ಕ ಕೋಣೆಯಲ್ಲಿದ್ದ. ಬೀದಿಯ ಗದ್ದಲ ಆಸ್ಪತ್ರೆಗೆ ಕೇಳಬಾರದೆಂದು ಗೋಡೆಗಳಿಗೆಲ್ಲ ದಪ್ಪ ಹೊದಿಕೆ ಹೊಡೆಸಿದ್ದರಿಂದ ಅವನಿಗೆ ನಮ್ಮ ದನಿ ಕೇಳುವಂತಿರಲಿಲ್ಲ. ಒಳಗಿನವರು ಹೊರಗಿನವರೊಡನೆ ಮಾತಾಡಲು ಒಂದು ಮೈಕು ಬೇಕಾದೀತೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ತಮ್ಮೊಳಗಿದ್ದಾಗ ನಾವು ಪಕ್ಕದ ಕುರ್ಚಿಯವನ ಕಡೆ ತಿರುಗಿ ಹೇಳುತ್ತಿದ್ದೆವು.

ಬಾಗಿಲು ಮುಚ್ಚಿತು, ದೀಪ ಆರಿತು, ಬೀದಿ ಹತ್ತಿಕೊಂಡಿತು. ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಮರಗಳಿದ್ದವು, ಅಂಗಡಿಗಳಿದ್ದವು, ಹಳದಿ ಬಟ್ಟೆಯ ಹೆಂಗಸೊಬ್ಬಳು ಕೊಡೆ ಹಿಡಿದು ನಡೆದುಹೋಗುತ್ತಿದ್ದಳು. ಆದರೆ ಎಲ್ಲರ ಮುಂದೆ ಎಲ್ಲರ ನೆರಳೂ ಬಿದ್ದಿತ್ತು. ತಮ್ಮಲ್ಲಿ ಗೋಲಿಗೆ ನೆರಳಿಲ್ಲ ನೋಡಿ, ಆದ್ದರಿಂದ ಮನುಷ್ಯರಿಗೂ ಇರಲಾರದೆಂದು ನಂಬಿದ್ದೆವು. ಡಾಕ್ಟರು ತಮ್ಮ ನೆರಳಿನ ಮೇಲೆ ಕಾರು ಹತ್ತಿದ್ದನ್ನು ಕಂಡು ಸಣ್ಣಗೆ ಕೆಮ್ಮಿದರು. ಎರಡನೆಯ ವಿಷಯ ಇನ್ನೂ ಸ್ವಾರಸ್ಯದ್ದು. ಈ ಕೋಣೆಯಲ್ಲಿ ಒಂದು ಕನ್ನಡಕವಿದೆ. ಅದನ್ನು ಹಾಕಿಕೊಂಡವರ ತಲೆ ಎಲ್ಲಿದೆ, ಹೇಗೆ ಬಾಗಿದೆ ಎಂದು ನೋಡಿಕೊಂಡು ಬೀದಿ ಅವರ ಕಣ್ಣಿಗೆ ನೇರವಾಗಿ ನಿಲ್ಲುತ್ತದೆ. ಮಿಕ್ಕವರು ಅವರ ಬೀದಿಯನ್ನೇ ನೋಡಬೇಕು. ಕನ್ನಡಕ ಅಕ್ಕನ ಮೂಗಿನ ಮೇಲಿರಬೇಕಿತ್ತು. ಆದರೆ ಆಯ್ತು ಸಾಹೇಬರು ಮೊದಲು ತಾವೇ ಪರೀಕ್ಷಿಸಿ ಕೊಡುವುದಾಗಿ ಹೇಳಿ ಹಾಕಿಕೊಂಡರು. ಬೀದಿ ಹೇಗೆ, ಸರಿಯಾಗಿ ಕಾಣುತ್ತಿದೆಯೇ ಎಂದು ಡಾಕ್ಟರು ಕೇಳಿದರು. ಸಾಹೇಬರು ತಮ್ಮ ಸ್ವಭಾವದಂತೆ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಮಾನ್ಯರೇ, ಇಡೀ ಬೀದಿ ಮೇಲೆ ಕೆಳಗೆ ಆಡಿತು. ಮರ, ಅಂಗಡಿ, ಬಸ್ಸು, ಕೊಡೆಯ ಹೆಂಗಸು, ಎಲ್ಲವೂ ಒಟ್ಟಿಗೆ ಆಯ್ತು ಎಂದವು. ಭಾವ ಗೋಡೆ ಹಿಡಿದುಕೊಂಡರು. ತೊಂದರೆಯಿದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲ ಎನ್ನಲು ಸಾಹೇಬರು ತಲೆಯನ್ನು ಅಡ್ಡಡ್ಡ ಆಡಿಸಿದರು. ಬೀದಿಗೆ ಬೀದಿಯೇ ಇಲ್ಲ ಇಲ್ಲ ಎಂದಿತು. ತಮ್ಮೊಳಗಿನ ಗೋಲಿ ಎಂದೂ ಯಾರಿಗೂ ತಲೆಯಾಡಿಸಿದ್ದಿಲ್ಲ, ಆದ್ದರಿಂದ ಇದೂ ನಮಗೆ ಹೊಸದು.

ಆಟ ಅಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸಾಹೇಬರು ಡಾಕ್ಟರನ್ನು ಮೆಚ್ಚಿಸಲು, ಮೊದಲೇ ಸಹೋದ್ಯೋಗಿಗೆ ಗುಟ್ಟಾಗಿ ಎರಡು ಮಾತು ಹೇಳಿಟ್ಟಿದ್ದರು: ಸುಲಭದ ಹಂತವಾದ ಮೇಲೆ ಬೀದಿಯನ್ನು ಒಮ್ಮೆ ಕೋಣೆಯ ಸುತ್ತ ತಿರುಗಿಸಿ ತೋರಿಸು, ಆಮೇಲೆ ನೇರವಾಗಿ ಕಡೆಯ ಹಂತ ಹಾಕು. ಕಡೆಯ ಹಂತವೆಂದರೆ ಸಂಜೆ ಕಚೇರಿ ಬಿಡುವ ಹೊತ್ತಿನ ವಾಹನಗಳು. ಮನೆಯ ಮುಂದಿನ ಖಾಲಿ ರಸ್ತೆಗೇ ಹೆದರುವ ರೋಗಿಯನ್ನು ಕೆಲವು ತಿಂಗಳ ಅಭ್ಯಾಸವಾದ ಮೇಲೆ ತಲುಪಿಸಬೇಕಾದ ಜಾಗ ಅದು. ಅಂತೆಯೇ ಬೀದಿ ಮೆಲ್ಲಗೆ ನಮ್ಮ ಸುತ್ತ ತಿರುಗಿತು. ನಾವು ನಾಲ್ವರೂ ಬಾಯಿ ಬಿಟ್ಟುಕೊಂಡು ಅದರ ಜೊತೆಗೇ ತಿರುಗಿದೆವು. ಅದು ನಿಂತಾಗ ಪೂರ್ವ ಯಾವುದು ಪಶ್ಚಿಮ ಯಾವುದು ಒಬ್ಬರಿಗೂ ತಿಳಿಯಲಿಲ್ಲ. ತಕ್ಷಣ ಎಲ್ಲ ಕಡೆಯಿಂದಲೂ ಬಸ್ಸು, ಲಾರಿ, ಕಾರು, ಹಾರನ್ನು. ಅಕ್ಕ ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಉಗುರು ಚರ್ಮಕ್ಕೆ ಇಳಿಯಿತು. ಅವಳ ಮುಖ ನೋಡಿ ನನಗೆ ಗೊತ್ತಾಯಿತು, ಇವತ್ತು ಇವಳು ಹೀಗೇ ಮನೆಗೆ ಹೋದರೆ ಆ ಅಂಗಡಿ ಮತ್ತೆ ತೆರೆಯುವುದಿಲ್ಲ, ಅದಕ್ಕೆ ಕಾರಣ ಸ್ಕೂಟರಲ್ಲ, ನಾನು.

ಸಾಕು, ಬಾಗಿಲು ತೆರೆಯಿರಿ ಎಂದು ಡಾಕ್ಟರೇ ಹೇಳಿದರು. ಸಾಹೇಬರು ಒಪ್ಪಿ ತಲೆಯಾಡಿಸಿದರು. ಕಡೆಯ ಹಂತದ ಅಷ್ಟೂ ವಾಹನಗಳು ಒಪ್ಪಿದವು. ನಾನು ಏನು ಮಾಡಿದೆ ಗೊತ್ತೇ? ನನ್ನ ಎಡಗೈ ತಾನಾಗಿ ಮೇಲೆದ್ದು ಗಾಳಿಯ ಮೂಲೆಯಲ್ಲಿ ಏನನ್ನೋ ಒತ್ತಿತು. ಎರಡು ಸಲ ಒತ್ತಿತು. ಏನೂ ಆಗದಿದ್ದಾಗ ನನಗೆ ಅರಿವಾಯಿತು, ನಾವು ಒಂದು ಬಾಗಿಲಿಲ್ಲದ ಬೀದಿಯಲ್ಲಿದ್ದೇವೆ ಎಂದು. ಕೋಣೆಗೆ ಬಾಗಿಲಿತ್ತು, ಅದರ ಮೂಲಕವೇ ಬಂದಿದ್ದೆವು. ಆದರೆ ತಮ್ಮ ಗೋಡೆಗಳ ನುಣುಪು ನೋಡಿ ನೋಡಿ ಅಭ್ಯಾಸವಾಗಿದ್ದ ನಾವು, ಗೋಡೆಯಲ್ಲಿ ಏನೂ ಎದ್ದು ಕಾಣಬಾರದು, ಬಾಗಿಲು ಕೂಡ ಗೋಡೆಯಂತೆಯೇ ಬೆಳ್ಳಗಿರಬೇಕು, ಒಳಗಡೆ ಹಿಡಿ ಕೂಡ ಇರಬಾರದು, ತಳ್ಳಿದರೆ ಹೊರಕ್ಕೆ ತೆರೆದರೆ ಸಾಕು ಎಂದು ಆಸ್ಪತ್ರೆಯವರನ್ನು ಕಾಡಿ ಬೇಡಿ ಒಪ್ಪಿಸಿದ್ದೆವು. ಈಗ ಅದರ ಮೇಲೆ ಬೀದಿ ಹರಿಯುತ್ತಿತ್ತು. ತಿಂಗಳುಗಟ್ಟಲೆ ತಮ್ಮೊಳಗೆ ಹೋಗಿ ಬಂದು ಮಾಡಿದ ಇಷ್ಟು ಜನರಲ್ಲಿ ಒಬ್ಬರೂ ಆ ಬಾಗಿಲು ಬೀದಿಯ ಯಾವ ಭಾಗಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿರಲಿಲ್ಲ, ಏಕೆಂದರೆ ಒಬ್ಬರೂ ಎಂದೂ ಬಾಗಿಲಿನಿಂದ ಹೋಗಿರಲಿಲ್ಲ.

ಹುಡುಕಾಟ ಶುರುವಾಯಿತು. ನಮ್ಮ ಚಿತ್ರ ಬರೆಯುವಾಕೆ ಬಹಳ ಕುಶಲೆ. ಬೀದಿಯ ಅಂಗಡಿ ಮನೆಗಳಿಗೆಲ್ಲ ಬಾಗಿಲು ಬರೆದು, ಒಂದೊಂದಕ್ಕೂ ಹೊಳೆಯುವ ಹಿತ್ತಾಳೆಯ ಹಿಡಿ ಇಟ್ಟಿದ್ದಳು. ಭಾವ ಒಂದು ಔಷಧಿ ಅಂಗಡಿಯ ಹಿಡಿಯನ್ನು ಹಿಡಿಯಲು ಹೋಗಿ ತಮ್ಮ ನೆರಳಿನಿಂದಲೇ ಅದನ್ನು ಅಳಿಸಿದರು. ಆ ಕಡೆ ಸರಿದಾಗ ಅದು ಮತ್ತೆ ಹೊಳೆಯಿತು. ಎಳೆಯಲು ಹಿಡಿಯಿದ್ದ ಬಾಗಿಲುಗಳೆಲ್ಲ ಚಿತ್ರದವು, ನಿಜವಾದ ಒಂದೇ ಬಾಗಿಲಿಗೆ ಹಿಡಿಯಿಲ್ಲ. ಡಾಕ್ಟರು ಗೋಡೆಯನ್ನು ಅಂಗೈಯಿಂದ ತಟ್ಟುತ್ತಾ ಕ್ರಮವಾಗಿ ಹೊರಟರು. ನಿಂತ ಕಾರನ್ನು ತಟ್ಟಿದರು, ದೀಪದ ಕಂಬವನ್ನು ತಟ್ಟಿದರು, ಅಷ್ಟರಲ್ಲಿ ಹಳದಿ ಬಟ್ಟೆಯ ಹೆಂಗಸು ಕೊಡೆಯೊಡನೆ ಎದುರಾದಳು. ಅಪರಿಚಿತ ಹೆಂಗಸನ್ನು ತಟ್ಟುವುದು ಸಭ್ಯತೆಯಲ್ಲವೆಂದು ಅವರು ಕೈ ಹಿಂದಕ್ಕೆ ಕಟ್ಟಿ, ಆಕೆ ಹೋಗಲೆಂದು ಕಾದರು. ಆಕೆ ಹೋದಳು, ಆದರೆ ನಾನೇ ಬರೆದ ಪ್ರೋಗ್ರಾಮಿನ ಪ್ರಕಾರ ಸ್ವಲ್ಪ ಹೊತ್ತಿಗೆಲ್ಲ ಮತ್ತೆ ಅದೇ ತುದಿಯಿಂದ ಬಂದಳು. ಡಾಕ್ಟರು ಮತ್ತೆ ಕಾದರು. ಸಾಹೇಬರು, ಸಹೋದ್ಯೋಗಿ ಈಗಲೋ ಆಗಲೋ ಗಮನಿಸಿ ನಿಲ್ಲಿಸುತ್ತಾನೆ ಎಂದು ಧೈರ್ಯ ಹೇಳುತ್ತಿದ್ದರು. ಸಹೋದ್ಯೋಗಿ ಗಮನಿಸುತ್ತಲೇ ಇದ್ದ ಪಾಪ. ಅವನು ನೋಡುತ್ತಿದ್ದದ್ದು ಪರದೆಯ ಮೇಲಿನ ತಮ್ಮನ್ನು. ತಮ್ಮೊಳಗೆ, ಸಾಹೇಬರ ಕನ್ನಡಕವನ್ನು ಅನುಸರಿಸುತ್ತಾ, ಒಂದು ನೀಲಿ ಗೋಲಿ ಆಗಾಗ ಸಂತೃಪ್ತಿಯಿಂದ ತಲೆದೂಗುತ್ತಿತ್ತಂತೆ.

ಆಗ ಅಕ್ಕ ಮಾತಾಡಿದಳು.

“ಬಾಗಿಲು ಅಲ್ಲಿದೆ. ಆ ಕೆಂಪು ಬಸ್ಸು ಹೋಗ್ತಿದೆಯಲ್ಲ, ಅದರ ಹಿಂದೆ.”

ಅದು ಕೋಣೆಯ ಆ ತುದಿ. ನಡುವೆ ಇಡೀ ರಸ್ತೆ. ಸಾಹೇಬರು ಬಹಳ ಸೌಜನ್ಯದಿಂದ, “ಅಲ್ಲಿ ಬಾಗಿಲು ಇರೋದಿಲ್ಲ ಮೇಡಂ, ಅಲ್ಲಿ ಟ್ರಾಫಿಕ್ಕು” ಎಂದರು.

“ಟ್ರಾಫಿಕ್ಕು ನೀವು ಬರೆದದ್ದು. ಬಾಗಿಲು ಮೊದಲಿಂದಲೂ ಇತ್ತು.”

ಅವಳಿಗೆ ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದೆ. ಇದರಲ್ಲಿ ಜಾಣತನವೇನೂ ಇಲ್ಲ, ಬಾಗಿಲು ಮುಚ್ಚಿದ ಗಳಿಗೆಯಿಂದ ಹೆದರಿಕೆಗೆ ಅದೊಂದನ್ನೇ ನೋಡುತ್ತಾ ನಿಂತಿದ್ದೆ ಎಂದಳು. ಬೀದಿ ತಿರುಗಿದಾಗ ನಮ್ಮ ನಾಲ್ವರ ಕಣ್ಣು ಬೀದಿಯ ಜೊತೆ ತಿರುಗಿತ್ತು. ಅವಳು ಬೀದಿಯನ್ನು ನೋಡಿಯೇ ಇರಲಿಲ್ಲ. ನಾನು ಹೋಗಿ ತೆರೆಯುತ್ತೇನೆ ಎಂದು ಹೆಜ್ಜೆ ಇಟ್ಟೆ. ಆದರೆ ಎರಡು ಹೆಜ್ಜೆಗೇ ಕೆಂಪು ಬಸ್ಸು ಹೋಗಿ ನೀಲಿ ಲಾರಿ ಬಂದಿತ್ತು, ಸಾಹೇಬರು ಕತ್ತು ಚಾಚಿದ್ದರಿಂದ ಲಾರಿ ಓರೆಯಾಗಿತ್ತು, ನಾನು ದಿಕ್ಕು ತಪ್ಪಿ ಹಾಲಿನ ಅಂಗಡಿಯ ಮುಂದೆ ನಿಂತಿದ್ದೆ. ಹಿಂದಿನಿಂದ ಅಕ್ಕ ಬಯ್ಯುವುದು ಕೇಳಿಸಿತು: ಎಡಕ್ಕೆ ಕಣೇ, ಎಡಕ್ಕೆ, ನಿನಗೆ ಚಿಕ್ಕಂದಿನಿಂದಲೂ ಎಡ ಬಲ ಗೊತ್ತಾಗಲ್ಲ. ತಿರುಗಿ ನೋಡಿದಾಗ ಅವಳು ನಡೆಯುತ್ತಿದ್ದಳು. ನನ್ನ ತೋಳಿಲ್ಲ, ಭಾವನ ಕೈಯಿಲ್ಲ. ನೆಲದ ಮೇಲೆ ಕಾರುಗಳ ದೀಪಗಳು ಅವಳ ಪಾದಗಳ ಮೇಲಿಂದ ಹರಿದುಹೋದವು. ಕೆಂಪು ಬಸ್ಸು ಮತ್ತೊಮ್ಮೆ ಬಂತು. ಅದರ ಕಿಟಕಿಗಳು ಒಂದೊಂದಾಗಿ ಅವಳ ಬೆನ್ನ ಮೇಲೆ ಹಾದುಹೋಗುತ್ತಿದ್ದಾಗಲೇ ಅವಳು ಬಲಗೈ ಮುಂದೆ ಚಾಚಿ, ಅಂಗೈಯಿಂದ ಬಸ್ಸಿನ ಹೊಟ್ಟೆಯನ್ನು ತಳ್ಳಿದಳು. ಬಸ್ಸು ತೆರೆದುಕೊಂಡಿತು. ಅದರೊಳಗೆ ಆಸ್ಪತ್ರೆಯ ಮೊಗಸಾಲೆ, ಒಂದು ಬೆಂಚು, ಮೊಬೈಲಿಟ್ಟ ತಟ್ಟೆ ಕಂಡವು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಬೆಂಚಿನ ಮೇಲೆ ಕುಳಿತು ಮಂಡಿ ನೀವಿಕೊಂಡಳು. ತಾನು ಮಾಡಿದ್ದೇನೆಂದು ಅವಳಿಗೆ ತಿಳಿದದ್ದು ಡಾಕ್ಟರು ಹೇಳಿದ ಮೇಲೆ. ಹಾಗೆ ನೋಡಿದರೆ ಸಾಹೇಬರಿಗೂ ತಾವು ಮಾಡಿದ್ದೇನೆಂದು ತಿಳಿದದ್ದು ಡಾಕ್ಟರು ಹೇಳಿದ ಮೇಲೆಯೇ. ಬಾಗಿಲನ್ನು ರಸ್ತೆಯ ಆಚೆ ಅಡಗಿಸಿ, ಹೊರಗೆ ಹೋಗಬೇಕೆಂಬ ಆಸೆಯಿಂದಲೇ ರೋಗಿ ದಾಟುವಂತೆ ಮಾಡಿದ ಉಪಾಯ ಬಹಳ ಚೆನ್ನಾಗಿದೆ ಎಂದು ಆ ಸಭ್ಯ ಹಿರಿಯರು ಹೊಗಳಿದರು. ಸಾಹೇಬರು ಕನ್ನಡಕ ತೆಗೆಯದೆಯೇ ತಲೆಯಾಡಿಸಿದರು. ಒಳಗೆ ಖಾಲಿ ಕೋಣೆಯಲ್ಲಿ ಬೀದಿಯೂ ಆಡಿರಬೇಕು.

ಮಾನ್ಯರೇ, ಈಗ ನನ್ನ ದೂರಿನ ತಿರುಳಿಗೆ ಬಂದೆ. ಈ ಯಶಸ್ಸಿನ ವರದಿಯಲ್ಲಿ ಹೊಗಳಿಕೆಯ ಅತಿ ದೊಡ್ಡ ಪಾಲು ತಮಗೆ ಸಂದಿದೆ. ತಮ್ಮೊಳಗೆ ಕೂಲಂಕಷವಾಗಿ ಪರೀಕ್ಷಿಸಿದ್ದರಿಂದಲೇ ನಿಜವಾದ ಕೋಣೆಯಲ್ಲಿ ಯಾವ ಅಡಚಣೆಯೂ ಆಗಲಿಲ್ಲವೆಂದು ಅದರಲ್ಲಿದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ತಾವು ನಿಷ್ಪಾಪಿಗಳು, ನಾವು ಕೇಳಿದ್ದನ್ನೆಲ್ಲ ಸರಿಯಿದೆ ಎಂದಿರಿ, ಕೇಳದೇ ಇದ್ದದ್ದನ್ನು ಹೇಳುವ ಕೆಟ್ಟ ಚಟ ತಮಗಿಲ್ಲ. ಈ ಒಂದು ಗುಣದಿಂದಲೇ ತಾವು ನಮ್ಮ ಕಚೇರಿಯಲ್ಲಿ ಮ್ಯಾನೇಜರ ಹುದ್ದೆಗೆ ಏರುವ ದಿನ ದೂರವಿಲ್ಲವೆಂದು ನಾನು ನಂಬಿದ್ದೇನೆ. ಅದಕ್ಕೂ ಮೊದಲು ತಮ್ಮಲ್ಲಿ ಕೆಲವು ವಿನಂತಿಗಳಿವೆ. ದಯವಿಟ್ಟು ಅಲ್ಲಲ್ಲಿ ಸ್ವಲ್ಪ ಧೂಳು ಹಿಡಿಯಿರಿ. ವಾರಕ್ಕೊಮ್ಮೆಯಾದರೂ ಒಂದು ವೈರು ಕಾಲಿಗೆ ತೊಡರುವಂತೆ ನೋಡಿಕೊಳ್ಳಿ, ಅದಕ್ಕಾಗಿ ಮೊದಲು ಗೋಲಿಗೆ ಕಾಲು ಬರಿಸಿ, ಕಾಲು ಬಂದ ಮೇಲೆ ಎಡ ಮಂಡಿಗೆ ಆಗಾಗ ಒಂದು ಹಳೆಯ ನೋವು ನೆನಪಾಗಲಿ. ನಾವು ಮುಖ್ಯವಾದುದನ್ನು ಮಾಡುತ್ತಿರುವಾಗ ಯಾರಾದರೂ ನಡುವೆ ಬಂದು ಕಾಫಿಗೆ ಬರ್ತೀರಾ ಎಂದು ಕೇಳಲಿ. ಗೋಡೆಯೊಳಗಿಂದ ಹಾದುಹೋಗುವವರ ಹಣೆಗೆ ಒಂದು ಸಲವಾದರೂ ಪೆಟ್ಟಾಗಲಿ, ಜೋರಾಗಿ ಬೇಡ, ಗೋಡೆ ಇದೆಯೆಂದು ತಿಳಿಯುವಷ್ಟು. ಇವ್ಯಾವುವೂ ಸಾಧ್ಯವಿಲ್ಲವಾದರೆ, ಎಸ್ಕೇಪ್ ಗುಂಡಿಯನ್ನು ನನ್ನ ಎಡಗೈಗೆ ನಿಲುಕದಷ್ಟು ದೂರ, ರಸ್ತೆಯ ಆಚೆ ಎಲ್ಲಾದರೂ ಇಟ್ಟುಬಿಡಿ.

ಅಕ್ಕನ ಸುದ್ದಿಯನ್ನು ತಮಗೆ ತಿಳಿಸದೆ ಮುಗಿಸಿದರೆ ಸೌಜನ್ಯವಾಗದು. ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಅವಳು ಅಂಗಡಿಯ ಬೀಗದ ಕೈ ಹಿಡಿದು ಫುಟ್‌ಪಾತಿನ ಅಂಚಿಗೆ ಬಂದಳು. ನಾನೂ ಭಾವನೂ ಹಿಂದೆ ನಿಂತಿದ್ದೆವು. ಬಹಳ ಹೊತ್ತು ಏನೂ ಆಗಲಿಲ್ಲ. ಚಿತ್ರದ ಬಸ್ಸು ದಾಟಿದವಳಿಗೆ ನಿಜದ ಬಸ್ಸು ದಾಟಲು ಬರುತ್ತದೆಂದು ತಮ್ಮ ವರದಿಯಲ್ಲಿರಬಹುದು, ಅವಳ ಮಂಡಿ ಅದನ್ನು ಓದಿರಲಿಲ್ಲ. ಕಾರು ಕರೆಯಲೇ ಎಂದು ಭಾವ ಮೆಲ್ಲಗೆ ಕೇಳಿದರು. ಅವಳು ಎದುರಿನ ಶಟರನ್ನೇ ನೋಡುತ್ತಿದ್ದಳು. ಕೋಣೆಯಲ್ಲಿ ಬಾಗಿಲನ್ನು ಹೇಗೆ ನೋಡಿದ್ದಳೋ ಹಾಗೆ. ಆಮೇಲೆ ವಾಹನಗಳು ಸ್ವಲ್ಪ ತೆರಪು ಕೊಟ್ಟಾಗ ಕೆಳಗಿಳಿದು ನಡೆದಳು. ಅರ್ಧ ದಾರಿಯಲ್ಲಿ ಒಂದು ಸರಕು ಲಾರಿ ಬಂತು. ಹಳೆಯ ಅಕ್ಕನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದಳು. ಈ ಅಕ್ಕ ನಿಂತು, ಬಲಗೈ ಚಾಚಿ, ಅಂಗೈಯನ್ನು ಲಾರಿಯ ಕಡೆ ಹಿಡಿದಳು. ನನ್ನ ಉಸಿರು ನಿಂತುಹೋಯಿತು. ಪುಣ್ಯಕ್ಕೆ ಲಾರಿಯೂ ನಿಂತಿತು. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನಕ್ಕಾ, ಗಾಡಿ ತಳ್ಳೋಕೆ ಬಂದ್ರಾ?” ಎಂದ.

“ಇಲ್ಲಪ್ಪಾ” ಎಂದಳು ಅಕ್ಕ, “ತೆರೆದುಕೊಳ್ಳತ್ತೇನೋ ಅಂತ ನೋಡಿದೆ.”

ಅವನು ಏನೂ ಅರ್ಥವಾಗದೆ ಲಾರಿಯನ್ನು ತುಸು ಹಿಂದಕ್ಕೆ ತೆಗೆದ. ಅಕ್ಕ ದಾಟಿ ಹೋಗಿ ಶಟರು ಎತ್ತಿದಳು. ಅದರ ಸದ್ದು ಈ ಕಡೆಗೂ ಕೇಳಿಸಿತು. ಭಾವ ಅವಳ ಚೀಲ ತಮ್ಮ ಕೈಯಲ್ಲೇ ಉಳಿದದ್ದನ್ನು ಆಗ ನೋಡಿಕೊಂಡು, ಅದನ್ನು ಕೊಡಲು ಹೇಗೆ ಹೋಗುವುದೆಂದು ಅಭ್ಯಾಸಬಲದಿಂದ ಬಾಡಿಗೆ ಕಾರು ಹುಡುಕುತ್ತಿದ್ದರು.

ತಮ್ಮ ಗೋಡೆಗಳನ್ನು ಲೆಕ್ಕವಿಲ್ಲದಷ್ಟು ಸಲ ಹಾದುಹೋಗಿಯೂ ಒಮ್ಮೆಯೂ ಕ್ಷಮೆ ಕೇಳದ,

ತಮ್ಮ ವಿಶ್ವಾಸಿ,
ನೀಲಿ ಗೋಲಿ

ತಾ.ಕ.: ತಮಗೊಂದು ಬಾಗಿಲು ಇಡಬೇಕೆಂದು ಸಾಹೇಬರನ್ನು ಕೇಳಿದ್ದೇನೆ. ಆಯ್ತು ಎಂದಿದ್ದಾರೆ, ಆದ್ದರಿಂದ ತಾವು ಸದ್ಯಕ್ಕೆ ಆತಂಕಪಡಬೇಕಾಗಿಲ್ಲ. ಅಲ್ಲಿಯವರೆಗೆ ಅಂಚೆಯವರು ಈ ಪತ್ರವನ್ನು ಯಾವ ಸಂದಿಯಲ್ಲಿ ತೂರಿಸಬೇಕೆಂದು ತಿಳಿಯದ ಕಾರಣ, ಇದನ್ನು ಎಲ್ಲರಿಗೂ ಕಾಣುವಂತೆ ಹೊರಗಡೆಯೇ ಅಂಟಿಸುತ್ತಿದ್ದೇನೆ. ಓದಲು ತಾವು ಹೊರಗೆ ಬರಬೇಕಾಗುತ್ತದೆ. ದಾರಿ ತಾವೇ ಹುಡುಕಿಕೊಳ್ಳಿ.